ಬೆಂದ ಮರಳು, ಬೆಳಗುವ ಕನ್ನಡಿ

ಕಲಬುರಗಿಯ ಬಿಸಿಲಿಗೆ ಅಂಜದವರಿಲ್ಲ. ಚೈತ್ರ ವೈಶಾಖಗಳಲ್ಲಿ ಉಷ್ಣತೆಯು ನಲವತ್ತು ಡಿಗ್ರಿಯ ಗಡಿಯನ್ನು ದಾಟಿತೆಂದರೆ ಮಧ್ಯಾಹ್ನದ ಬೀದಿಗಳು ಬಿಕೋ ಎನ್ನುತ್ತವೆ. ಅಂಗಳದ ಹಾಸುಗಲ್ಲಿನ ಮೇಲೆ ಬರಿಗಾಲಿಡುವುದೇ ಒಂದು ಸಾಹಸವಾಗುತ್ತದೆ. ಆದರೆ ಇಷ್ಟು ಬಿಸಿಲೂ ಒಂದು ಹಿಡಿ ಮರಳನ್ನು ಗಾಜಾಗಿಸಲು ಏನೇನೂ ಸಾಲದು. ಅದಕ್ಕೆ ಸಾವಿರದ ಐದುನೂರು ಡಿಗ್ರಿಯ ಬೆಂಕಿ ಬೇಕು. ಅಂಥ ಅಗ್ನಿಪರೀಕ್ಷೆಯಿಂದ ಹೊರಬಂದ ವಸ್ತುವೇ ನಮ್ಮ ಮನೆಮನೆಗಳಲ್ಲಿ ಸದ್ದಿಲ್ಲದೆ ಸೇವೆ ಸಲ್ಲಿಸುತ್ತಿರುವ ಗಾಜು.

ನಗರದ ಯಾವುದೇ ಒಂದು ಗೃಹಸ್ಥರ ಮನೆಯನ್ನು ತೆಗೆದುಕೊಳ್ಳಿ. ಬೆಳಗಾಗೆದ್ದು ಮುಖ ನೋಡಿಕೊಳ್ಳುವ ಕನ್ನಡಿ, ಚಹಾದ ಲೋಟ, ಉಪ್ಪಿನಕಾಯಿಯ ಭರಣಿಗೆ ಬಳಿದ ಮೆರುಗು, ದೇವರ ಪಟದ ಮೇಲಣ ಹಾಳೆ, ಗೃಹಿಣಿಯ ಕೈಬಳೆ, ಅಜ್ಜನ ಕನ್ನಡಕ, ಮಗುವಿನ ಜ್ವರವನ್ನಳೆಯುವ ನಳಿಕೆ, ಮೊಮ್ಮಗನ ಕೈಯಲ್ಲಿರುವ ದೂರವಾಣಿಯ ಮುಖ: ಇವೆಲ್ಲವೂ ಒಂದೇ ಕುಲದವು. ಬಳಸುವವರಿಗೆ ಮಾತ್ರ ಅವು ಕಣ್ಣಿಗೆ ಬೀಳುವುದಿಲ್ಲ. ಗಾಜಿನ ಗುಣವೇ ಅಂಥದು. ಅದು ತನ್ನನ್ನು ಮರೆಸಿ ಬೇರೆಯದನ್ನು ತೋರಿಸುತ್ತದೆ. ಒಡೆದಾಗಲಷ್ಟೇ ಅದರ ನೆನಪು.

ಮೂರು ವಸ್ತುಗಳ ಪಾಕ

ಗಾಜಿನ ಪಾಕಕ್ಕೆ ಮುಖ್ಯವಾಗಿ ಬೇಕಾದವು ಮೂರೇ ವಸ್ತುಗಳು: ಮರಳು, ಸೋಡಾ, ಸುಣ್ಣದ ಕಲ್ಲು. ಮರಳೆಂದರೆ ಹೊಳೆಯಲ್ಲಿ ಸಿಕ್ಕಿದ ಮರಳೆಲ್ಲವೂ ಅಲ್ಲ. ಕಬ್ಬಿಣದ ಅಂಶವಿಲ್ಲದ, ಬಿಳಿಯ ಬೆಣಚು ಕಲ್ಲಿನ ಪುಡಿಯಂಥ ಶುದ್ಧ ಮರಳು ಬೇಕು. ವಿಜ್ಞಾನಿಗಳು ಇದನ್ನು ಸಿಲಿಕಾ ಎಂದು ಕರೆಯುತ್ತಾರೆ. ಬರಿಯ ಸಿಲಿಕಾವನ್ನು ಕರಗಿಸಲು ಸುಮಾರು ೧೭೦೦ ಡಿಗ್ರಿಯಷ್ಟು ಕಾವು ಬೇಕಾಗುವುದು. ಹಿಂದಿನವರ ಕುಲುಮೆಗಳಿಗೆ ಅದು ನಿಲುಕದ ಮಾತು. ಆದರೆ ಅದರೊಡನೆ ಸೋಡಾವನ್ನು ಬೆರೆಸಿದರೆ ಮರಳಿನ ಹಟ ಸಡಿಲುತ್ತದೆ. ಬಹಳ ಕಡಿಮೆ ಶಾಖದಲ್ಲಿಯೇ ಅದು ಜೇನಿನಂತೆ ಹರಿಯತೊಡಗುತ್ತದೆ.

ಇಲ್ಲಿ ಒಂದು ತೊಡಕು. ಮರಳು ಮತ್ತು ಸೋಡಾಗಳಷ್ಟರಿಂದಲೇ ಆದ ಗಾಜು ನೀರಿನಲ್ಲಿ ಕರಗಿಹೋಗುತ್ತದೆ. ಅದರಿಂದ ಲೋಟ ಮಾಡಿದರೆ ಕುಡಿಯುವವನ ಪಾಡೇನು? ಈ ದೋಷವನ್ನು ನೀಗುವುದೇ ಸುಣ್ಣ. ಅದು ಸೇರಿದ ಕೂಡಲೇ ಗಾಜಿಗೆ ನೀರನ್ನು ತಡೆಯುವ ಶಕ್ತಿ ಬರುತ್ತದೆ. ನಿತ್ಯ ಬಳಕೆಯ ನೂರು ತೊಲೆ ಗಾಜಿನಲ್ಲಿ ಸುಮಾರು ಎಪ್ಪತ್ತೆರಡು ತೊಲೆ ಸಿಲಿಕಾ, ಹದಿನಾಲ್ಕು ತೊಲೆ ಸೋಡಾ, ಹತ್ತು ತೊಲೆ ಸುಣ್ಣ. ಉಳಿದದ್ದು ಚಿಲ್ಲರೆ ವಸ್ತುಗಳು.

ಸುಣ್ಣದ ಕಲ್ಲೆಂದರೆ ಕಲಬುರಗಿಯವರಿಗೆ ಪರಿಚಯ ಹೇಳಬೇಕಾಗಿಲ್ಲ. ಶಹಾಬಾದದ ಹಾಸುಗಲ್ಲು ದೇಶದ ಮೂಲೆಮೂಲೆಗೆ ಹೋಗಿದೆ. ಆ ಹಾಸುಗಲ್ಲು ಸುಣ್ಣದ ಕಲ್ಲಿನ ಜಾತಿಯದೇ. ವಾಡಿ, ಸೇಡಂಗಳ ಸಿಮೆಂಟು ಕಾರ್ಖಾನೆಗಳು ನಿಂತಿರುವುದೂ ಈ ಕಲ್ಲಿನ ಆಸರೆಯಲ್ಲಿಯೇ. ಜಿಲ್ಲೆಯ ಜನ ನೆಲಕ್ಕೆ ಹಾಸಿ ನಡೆಯುವ ಕಲ್ಲಿಗೂ ಕೈಗೆ ತೊಡುವ ಬಳೆಗೂ ಹೀಗೆ ದೂರದ ನಂಟಸ್ತಿಕೆಯುಂಟು.

ಕಲ್ಲುಸಕ್ಕರೆಯೂ ಪೆಪ್ಪರಮೆಂಟೂ

ಗಾಜು ಘನವಸ್ತುವೋ ದ್ರವವಸ್ತುವೋ ಎಂಬ ಚರ್ಚೆ ಬಹು ಹಳೆಯದು. ಅಡಿಗೆಯ ಮನೆಯ ಒಂದು ನಿದರ್ಶನದಿಂದ ಇದನ್ನು ತಿಳಿಯಬಹುದು. ಸಕ್ಕರೆಯ ಪಾಕವನ್ನು ಸಾವಕಾಶವಾಗಿ ಆರಲು ಬಿಟ್ಟರೆ ಕಲ್ಲುಸಕ್ಕರೆಯ ಹರಳುಗಳು ಕಟ್ಟಿಕೊಳ್ಳುತ್ತವೆ. ಅದೇ ಪಾಕವನ್ನು ಚೆನ್ನಾಗಿ ಕುದಿಸಿ ಬೇಗನೆ ಆರಿಸಿದರೆ ಹರಳಾಗದೆ, ಪಾರದರ್ಶಕವಾದ ಪೆಪ್ಪರಮೆಂಟಿನ ಗಟ್ಟಿ ದೊರೆಯುತ್ತದೆ. ಎರಡೂ ಸಕ್ಕರೆಯೇ. ಒಂದರಲ್ಲಿ ಕಣಗಳು ಶಾಲೆಯ ಮಕ್ಕಳಂತೆ ಸಾಲುಗಟ್ಟಿ ನಿಂತಿವೆ. ಇನ್ನೊಂದರಲ್ಲಿ ಸಂತೆಯ ಜನರಂತೆ ಎಲ್ಲೆಲ್ಲಿದ್ದವೋ ಅಲ್ಲಲ್ಲೇ ನಿಂತುಬಿಟ್ಟಿವೆ. ಬೆಣಚು ಕಲ್ಲು ಕಲ್ಲುಸಕ್ಕರೆಯಂತೆ, ಗಾಜು ಪೆಪ್ಪರಮೆಂಟಿನಂತೆ. ಅದು ಸಾಲುಗಟ್ಟಲು ಸಮಯ ಸಿಗದೆ ಗಟ್ಟಿಯಾದ ಘನವಸ್ತು.

ಹಳೆಯ ಕಟ್ಟಡಗಳ ಕಿಟಕಿಗಾಜು ಕೆಳತುದಿಯಲ್ಲಿ ದಪ್ಪವಾಗಿರುವುದನ್ನು ಕಂಡು, ಗಾಜು ಶತಮಾನಗಳ ಕಾಲ ನಿಧಾನವಾಗಿ ಹರಿಯುತ್ತದೆಂದು ಹೇಳುವವರಿದ್ದಾರೆ. ಇದು ನಿಜವಲ್ಲ. ಹಿಂದೆ ಊದಿ, ತಿರುಗಿಸಿ ಮಾಡುತ್ತಿದ್ದ ಹಾಳೆಗಳ ದಪ್ಪವೇ ಒಂದೇ ಸಮನಾಗಿರುತ್ತಿರಲಿಲ್ಲ. ಕೂರಿಸುವವರು ದಪ್ಪನೆಯ ಅಂಚನ್ನು ಕೆಳಗಿಡುತ್ತಿದ್ದುದುಂಟು, ಅಷ್ಟೆ.

ಗಾಜನ್ನು ಕಾಯಿಸುವುದು ಎಷ್ಟು ಮುಖ್ಯವೋ ಆರಿಸುವುದೂ ಅಷ್ಟೇ ಮುಖ್ಯ. ಅವಸರದಿಂದ ಆರಿಸಿದರೆ ಹೊರಮೈ ಮೊದಲು ಬಿಗಿದುಕೊಂಡು ಒಳಮೈ ಹಿಂದುಳಿದು, ಅವೆರಡರ ಎಳೆದಾಟದಲ್ಲಿ ವಸ್ತು ತಾನಾಗಿಯೇ ಸಿಡಿದುಹೋಗುತ್ತದೆ. ಆದಕಾರಣ ಕಾರ್ಖಾನೆಗಳಲ್ಲಿ ಪ್ರತಿಯೊಂದು ಸೀಸೆಯನ್ನೂ ಉದ್ದನೆಯ ಗೂಡಿನೊಳಗೆ ಹಂತಹಂತವಾಗಿ ತಣಿಸುತ್ತಾರೆ.

ಮತ್ತೋಡಿನ ಬಳೆಯ ಕುಲುಮೆ

ಗಾಜು ಕನ್ನಡ ನಾಡಿಗೆ ಹಡಗಿನಲ್ಲಿ ಬಂದಿಳಿದ ವಿದೇಶೀ ಸರಕೆಂದು ಭಾವಿಸುವವರುಂಟು. ಅದು ಸರಿಯಲ್ಲ. ಅಶೋಕನ ಶಾಸನದಿಂದ ಪ್ರಸಿದ್ಧವಾದ ಮಸ್ಕಿಯ ಅಗೆತಗಳಲ್ಲಿ ಪ್ರಾಚೀನ ಗಾಜಿನ ಮಣಿಗಳು ದೊರೆತಿವೆ. ಇನ್ನು ತೀರ ಈಚಿನವರೆಗೂ ಗಾಜನ್ನು ಕಚ್ಚಾ ವಸ್ತುವಿನಿಂದಲೇ ಬೇಯಿಸುತ್ತಿದ್ದ ಊರೊಂದು ನಮ್ಮಲ್ಲಿತ್ತು. ಅದು ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಮತ್ತೋಡು.

೧೮೦೦-೦೧ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮತ್ತೋಡಿನ ಬಳೆಗಾರರ ಕಸಬನ್ನು ಕೂಲಂಕಷವಾಗಿ ಬರೆದಿಟ್ಟಿದ್ದಾನೆ. ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಏಳುವ ಚೌಳು ಅವರಿಗೆ ಸೋಡಾ. ಬಿಳಿಯ ಬೆಣಚು ಕಲ್ಲಿನ ಪುಡಿ ಅವರಿಗೆ ಮರಳು. ಊರಗೋಡೆಯ ಒಳಮಗ್ಗುಲಿನ ಜಗಲಿಯಲ್ಲಿ ಗುಮ್ಮಟದಂಥ ಕುಲುಮೆಗಳು. ಅವುಗಳೊಳಗೆ ಮಣ್ಣಿನ ಮೂಸೆಗಳು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಹೀಗೆ ಐದು ಬಣ್ಣದ ಬಳೆಗಳು ಅಲ್ಲಿ ಸಿದ್ಧವಾಗುತ್ತಿದ್ದುವು. ರೈತನು ಬೆಳೆಗೆ ಶತ್ರುವೆಂದು ಶಪಿಸುವ ಚೌಳು ಅಲ್ಲಿ ಹೆಣ್ಣುಮಕ್ಕಳ ಕೈಗೆ ಭೂಷಣವಾಗುತ್ತಿತ್ತು.

ಬಣ್ಣದ ಗುಟ್ಟು ಲೋಹದಲ್ಲಿದೆ. ಕಬ್ಬಿಣ ಬೆರೆತರೆ ಹಸಿರು ಛಾಯೆ. ಕೋಬಾಲ್ಟ್ ಚಿಟಿಕೆಯಷ್ಟು ಬಿದ್ದರೆ ಗಾಢ ನೀಲಿ. ತಾಮ್ರವು ಕುಲುಮೆಯ ಹೊಗೆಗಾಳಿಗಳ ಹದಕ್ಕೆ ತಕ್ಕಂತೆ ಒಮ್ಮೆ ಹಸಿರುನೀಲಿ, ಒಮ್ಮೆ ಕೆಂಪು. ಚಿನ್ನದ ಅತಿಸೂಕ್ಷ್ಮ ಕಣಗಳಿಂದ ಮಾಣಿಕ್ಯದ ಕೆಂಪು ಬರುತ್ತದೆ. ಮುರಿದ ಕಿಟಕಿಗಾಜಿನ ಅಂಚನ್ನು ನೋಡಿದರೆ ಹಸಿರಾಗಿ ಕಾಣುವುದಷ್ಟೆ? ಮರಳಿನಲ್ಲಿ ಅಡಗಿದ್ದ ಕಬ್ಬಿಣದ ಸಾಕ್ಷಿಯದು.

ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಾಗಲಿ ಪೇಟೆಯ ಅಂಗಡಿಗಳಲ್ಲಾಗಲಿ ಇಂದು ಮಾರಾಟವಾಗುವ ಗಾಜಿನ ಬಳೆಗಳಲ್ಲಿ ಬಹುಪಾಲು ಉತ್ತರಪ್ರದೇಶದ ಫಿರೋಜಾಬಾದಿನಿಂದ ಬಂದವು. ಅಲ್ಲಿ ಕರಗಿದ ಗಾಜಿನ ದಾರವನ್ನು ತಿರುಗುವ ಉರುಳೆಗೆ ಸುರುಳಿಸುರುಳಿಯಾಗಿ ಸುತ್ತುತ್ತಾರೆ. ಸುರುಳಿಯನ್ನು ಉದ್ದಕ್ಕೆ ಕೊರೆದಾಗ ಬಾಯಿ ಬಿಟ್ಟ ನೂರಾರು ಬಳೆಗಳು. ಆ ಬಾಯಿಗಳನ್ನು ಸಣ್ಣ ಉರಿಯ ಮೇಲೆ ಹಿಡಿದು ಒಂದೊಂದಾಗಿ ಬೆಸೆಯುವ ಕೆಲಸ ಇಕ್ಕಟ್ಟಾದ ಮನೆಗಳಲ್ಲಿ ನಡೆಯುತ್ತದೆ. ಹೆಂಗಸರ ಕಣ್ಣೂ ಬೆರಳೂ ಅದರಲ್ಲಿ ಸವೆಯುತ್ತವೆ. ಅಂಗಡಿಯಲ್ಲಿ ‘ಎರಡು-ನಾಲ್ಕು’, ‘ಎರಡು-ಆರು’ ಎಂದು ಅಳತೆ ಕೇಳುವವರು ಆ ಲೆಕ್ಕದ ಅರ್ಥವನ್ನು ಯೋಚಿಸಿರಲಾರರು: ಎರಡು ಅಂಗುಲದ ಮೇಲೆ ಅಂಗುಲದ ಹದಿನಾರನೆಯ ಭಾಗಗಳು ನಾಲ್ಕು ಅಥವಾ ಆರು, ಅದೇ ಬಳೆಯ ಒಳವ್ಯಾಸ.

ಬಳೆಯ ಕತೆಯಲ್ಲಿ ಒಂದು ಕಹಿಯೂ ಇದೆ. ಒಡೆಯುವ ಗುಣವುಳ್ಳ ಗಾಜಿಗೆ ಸಮಾಜವು ಸೌಭಾಗ್ಯದ ಭಾರವನ್ನು ಹೊರಿಸಿತು. ಮದುವೆಯಲ್ಲಿ, ಸೀಮಂತದಲ್ಲಿ ಹಸಿರು ಬಳೆ ತೊಡಿಸಿ ಹರಸಿದ ಕೈಗಳೇ ಗಂಡನನ್ನು ಕಳೆದುಕೊಂಡವಳ ಬಳೆಗಳನ್ನು ಕಲ್ಲಿಗೆ ಬಡಿದು ಒಡೆದವು. ಕರ್ನಾಟಕದ ಗಡಿಗೆ ಹೊಂದಿಕೊಂಡ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮವು ೨೦೨೨ರ ಮೇ ತಿಂಗಳಲ್ಲಿ ಗ್ರಾಮಸಭೆ ಸೇರಿ, ವಿಧವೆಯರ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿಗಳನ್ನು ನಿಲ್ಲಿಸಬೇಕೆಂದು ನಿರ್ಣಯ ಮಾಡಿತು. ಕೆಲವೇ ದಿನಗಳಲ್ಲಿ ಮಹಾರಾಷ್ಟ್ರ ಸರಕಾರವು ಉಳಿದ ಗ್ರಾಮಗಳಿಗೂ ಆ ಮಾದರಿಯನ್ನು ಅನುಸರಿಸುವಂತೆ ತಿಳಿಸಿತು. ಬಳೆ ಬಿದ್ದು ಒಡೆದರೆ ಅದು ಗಾಜಿನ ಧರ್ಮ. ಒಡೆಸಿದರೆ ಅದು ಮನುಷ್ಯನ ಕ್ರೌರ್ಯ.

ಗಾಜಿಲ್ಲದ ಕಿಟಕಿ, ಗಾಜು ಹೊದ್ದ ಗೋಡೆ

ಕಲಬುರಗಿಯ ಕೋಟೆಯೊಳಗಿನ ಜಾಮಿ ಮಸೀದಿಯು ೧೩೬೭ರ ಕಾಲದ್ದು. ೨೧೬ ಅಡಿ ಉದ್ದ, ೧೭೬ ಅಡಿ ಅಗಲವಾದ ಈ ಕಟ್ಟಡಕ್ಕೆ ತೆರೆದ ಅಂಗಳವಿಲ್ಲ. ಇಡೀ ವಿಸ್ತಾರಕ್ಕೆ ಚಾವಣಿಯುಂಟು. ಆದರೂ ಒಳಗೆ ಕತ್ತಲೆಯಿಲ್ಲ. ಪಕ್ಕಗಳ ವಿಶಾಲವಾದ ಕಮಾನುಗಳಿಂದ ಗಾಳಿಯೂ ಬೆಳಕೂ ಒಟ್ಟಿಗೆ ಪ್ರವೇಶಿಸುತ್ತವೆ. ಕಿಟಕಿಗೆ ಗಾಜು ಹಾಕುವ ವಾಡಿಕೆಯಿಲ್ಲದ ಕಾಲದಲ್ಲಿ ಬಿಸಿಲುನಾಡಿನ ಶಿಲ್ಪಿಗಳು ಬೆಳಕನ್ನು ಒಳಗೆ ಕರೆದುಕೊಂಡ ಬಗೆಯಿದು. ಗಾಳಿಯನ್ನು ಹೊರಗಿಟ್ಟು ಬೆಳಕನ್ನಷ್ಟೇ ಬಿಟ್ಟುಕೊಳ್ಳುವ ಯುಕ್ತಿ ಚಳಿದೇಶಗಳ ಅಗತ್ಯವಾಗಿತ್ತು.

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೊರಟ ರಸ್ತೆ ಕಮಲಾಪುರವನ್ನು ಹಾದುಹೋಗುತ್ತದೆ. ಅದೇ ದಾರಿಯಲ್ಲಿ ಮುಂದುವರಿದು ಬೀದರವನ್ನು ಸೇರಬಹುದು. ಅಲ್ಲಿ ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗವಾನನು ೧೪೭೨ರಲ್ಲಿ ಕಟ್ಟಿಸಿದ ಮದರಸಾದ ಗೋಡೆಯ ಮೇಲೆ ನೀಲಿ, ಬಿಳಿ, ಹಳದಿ ಬಣ್ಣದ ಬಿಲ್ಲೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಆ ಬಿಲ್ಲೆಗಳ ಹೊಳಪೂ ಗಾಜೇ. ಮಣ್ಣಿನ ಬಿಲ್ಲೆಗೆ ಗಾಜಿನ ಪಾಕವನ್ನು ತೆಳುವಾಗಿ ಬಳಿದು ಸುಟ್ಟರೆ ಅದು ಮೈಗೆ ಕಚ್ಚಿಕೊಂಡು ಮೆರುಗಾಗುತ್ತದೆ. ೧೬೯೬ರ ಭೀಕರ ಸಿಡಿತದಲ್ಲಿ ಕಟ್ಟಡದ ಒಂದು ಭಾಗ ಹಾರಿಹೋಯಿತು. ಉಳಿದ ಬಿಲ್ಲೆಗಳ ಬಣ್ಣ ಮಾತ್ರ ಐದು ಶತಮಾನಗಳ ಬಿಸಿಲು ಮಳೆಗಳನ್ನು ತಾಳಿ ನಿಂತಿದೆ. ಮನೆಯ ಉಪ್ಪಿನಕಾಯಿ ಭರಣಿಯ ಮೆರುಗೂ ಇದೇ ತತ್ತ್ವದ್ದು. ಹುಳಿ ಉಪ್ಪುಗಳಿಗೆ ಗಾಜು ಜಗ್ಗುವುದಿಲ್ಲ.

ಪೈಸೆ ಪೈಸೆ ಕೂಡಿ ಕಟ್ಟಿದ ಕಾರ್ಖಾನೆ

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಭಾರತದ ಪೇಟೆಗಳು ಪರದೇಶದ ಗಾಜಿನಿಂದ ತುಂಬಿದ್ದುವು. ಸ್ವದೇಶೀ ಚಳವಳಿಯ ದಿನಗಳಲ್ಲಿ ಜನರಿಂದ ಪೈಸೆ ಪೈಸೆಯಾಗಿ ಹಣ ಕೂಡಿಸಿ, ಲೋಕಮಾನ್ಯ ಟಿಳಕರ ಬೆಂಬಲದಿಂದ, ಪುಣೆಯ ಬಳಿಯ ತಳೆಗಾಂವದಲ್ಲಿ ೧೯೦೮ರಲ್ಲಿ ‘ಪೈಸಾ ಫಂಡ್’ ಗಾಜಿನ ಕಾರ್ಖಾನೆಯನ್ನು ತೆರೆದರು. ಅದು ಸರಕು ತಯಾರಿಸುವುದರ ಜೊತೆಗೆ ಕುಶಲಿಗಳನ್ನೂ ತಯಾರಿಸಿತು. ಅನಂತರ ಕರಾಡದ ಬಳಿ ಓಗಲೆ ಬಂಧುಗಳು ೧೯೧೬ರಲ್ಲಿ ಕಟ್ಟಿದ ಕಾರ್ಖಾನೆಯ ‘ಪ್ರಭಾಕರ’ ಕಂದೀಲು ದಖ್ಖಣದಲ್ಲಿ ಮನೆಮಾತಾಯಿತು.

ಕಂದೀಲಿನ ಗಾಜಿನ ಬುರುಡೆ ಬರಿಯ ಅಲಂಕಾರವಲ್ಲ. ಅದು ಗಾಳಿಯಿಂದ ಉರಿಯನ್ನು ಕಾಯುತ್ತದೆ. ಬಿಸಿಗಾಳಿಯನ್ನು ಮೇಲಕ್ಕೆ ಸಾಗಿಸಿ ಕೆಳಗಿನಿಂದ ಹೊಸ ಗಾಳಿಯನ್ನು ಎಳೆದುಕೊಂಡು ಹೊಗೆಯಿಲ್ಲದಂತೆ ಬತ್ತಿಯನ್ನು ಬೆಳಗಿಸುತ್ತದೆ. ಸಂಜೆಯಾಗುತ್ತಲೇ ಬೂದಿಯಿಂದ ಬುರುಡೆಯನ್ನು ಉಜ್ಜಿ ಹೊಳಪಿಸುವುದು ಮಕ್ಕಳ ಪಾಲಿನ ಕೆಲಸವಾಗಿತ್ತು. ಕಾದ ಬುರುಡೆಯ ಮೇಲೆ ಒಂದು ಹನಿ ನೀರು ಬಿದ್ದರೆ ಚಟ್ಟೆಂದು ಬಿರಿಯುತ್ತಿತ್ತು. ಒಂದು ತಲೆಮಾರಿನ ಓದೆಲ್ಲವೂ ಆ ತೆಳ್ಳನೆಯ ಗಾಜಿನ ಹಿಂದೆ ನಡೆಯಿತೆಂದರೆ ಉತ್ಪ್ರೇಕ್ಷೆಯಲ್ಲ.

ಸ್ವಾತಂತ್ರ್ಯಾನಂತರ, ೧೯೫೦ರಲ್ಲಿ, ಕಲಕತ್ತೆಯಲ್ಲಿ ಗಾಜು ಮತ್ತು ಪಿಂಗಾಣಿಯ ಕೇಂದ್ರ ಸಂಶೋಧನಾಲಯವು ಪ್ರಾರಂಭವಾಯಿತು. ದೂರದರ್ಶಕ, ಸೂಕ್ಷ್ಮದರ್ಶಕಗಳಿಗೆ ಬೇಕಾದ ನಿರ್ದೋಷವಾದ ಗಾಜನ್ನು ಡಾಕ್ಟರ್ ಆತ್ಮಾರಾಮರ ನೇತೃತ್ವದಲ್ಲಿ ಅಲ್ಲಿ ಸಾಧಿಸಲಾಯಿತು.

ತಾಂಡಾದ ಕನ್ನಡಿ

ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಸುತ್ತಮುತ್ತ ಲಂಬಾಣಿ ತಾಂಡಾಗಳು ಅನೇಕವಿವೆ. ಎತ್ತುಗಳ ಮೇಲೆ ಧಾನ್ಯ, ಉಪ್ಪುಗಳನ್ನು ಹೇರಿಕೊಂಡು ನಾಡಿನಿಂದ ನಾಡಿಗೆ ಸಾಗುತ್ತಿದ್ದ ಜನ ಇವರು. ದಖ್ಖಣದಲ್ಲಿ ಸಂಚರಿಸಿದ ಸೈನ್ಯಗಳಿಗೆ ಅನ್ನ ಮುಟ್ಟಿಸಿದವರೂ ಇವರೇ. ೧೮೭೧ರಲ್ಲಿ ಮುಂಬಯಿ ಮದರಾಸುಗಳ ರೈಲುದಾರಿಗಳು ರಾಯಚೂರಿನಲ್ಲಿ ಕೂಡಿಕೊಂಡಮೇಲೆ ಸರಕೆಲ್ಲ ಕಬ್ಬಿಣದ ಹಳಿಯನ್ನೇರಿತು. ಎತ್ತಿನ ಸಾಲುಗಳ ಕಾಲ ಮುಗಿಯಿತು. ಅಲೆದಾಟ ನಿಂತರೂ ಉಡುಪಿನ ವೈಭವ ನಿಲ್ಲಲಿಲ್ಲ. ಫೇಟಿಯಾ ಎಂಬ ಲಂಗ, ಕಾಂಚಳಿ ಎಂಬ ರವಿಕೆ, ತಲೆಯ ಮೇಲಣ ಹೊದಿಕೆ, ಎಲ್ಲದರ ಮೇಲೂ ಕವಡೆ, ನಾಣ್ಯ, ಬಣ್ಣದ ದಾರ, ಮತ್ತು ಮಿನುಗುವ ಕನ್ನಡಿಯ ಚೂರುಗಳು. ಕಾಡುದಾರಿಯಲ್ಲಿ ಮೃಗಗಳು ಈ ಮಿನುಗಿಗೆ ಬೆದರುತ್ತಿದ್ದುವೆಂದೂ, ಕೆಟ್ಟ ದೃಷ್ಟಿ ಕನ್ನಡಿಗೆ ತಾಗಿ ಹಿಂದಿರುಗುತ್ತದೆಂದೂ ಹಿರಿಯರು ಹೇಳುವುದುಂಟು.

ಈ ಚೂರುಗಳ ಹುಟ್ಟೂ ಸ್ವಾರಸ್ಯವಾದುದು. ಗುಜರಾತದ ಕಪಡವಂಜದಂಥ ಊರುಗಳಲ್ಲಿ ಕಸುಬುದಾರರು ಕರಗಿದ ಗಾಜನ್ನು ಕೊಳವೆಯಿಂದ ಊದಿ ತೆಳ್ಳನೆಯ ದೊಡ್ಡ ಗೋಲ ಮಾಡುತ್ತಿದ್ದರು. ಅದರೊಳಗೆ ಕರಗಿದ ಲೋಹವನ್ನು ಹೊಯ್ದು ಆಡಿಸಿದಾಗ ಒಳಮೈಗೆ ಹೊಳೆಯುವ ಲೇಪ ಅಂಟಿಕೊಳ್ಳುತ್ತಿತ್ತು. ಬಳಿಕ ಗೋಲವನ್ನು ಒಡೆದು ಚೂರುಗಳನ್ನು ದುಂಡಗೆ ಕತ್ತರಿಸುವರು. ಗೋಲದ ಅಂಶವಾದುದರಿಂದ ಪ್ರತಿ ಚೂರೂ ಲೇಶಮಾತ್ರ ಉಬ್ಬಿರುತ್ತದೆ; ಆದ್ದರಿಂದಲೇ ಅದು ಎಲ್ಲ ದಿಕ್ಕಿನ ಬೆಳಕನ್ನೂ ಹಿಡಿದು ಮಿಣಕುತ್ತದೆ. ಯಂತ್ರದ ಚಪ್ಪಟೆ ಕನ್ನಡಿಗೆ ಈ ಚೇಷ್ಟೆ ಬಾರದು.

ಗಾಜಿಗೆ ಸೂಜಿಯಿಂದ ತೂತು ಮಾಡಲಾಗದು. ಹಾಗಾದರೆ ಬಟ್ಟೆಗೆ ಹೊಲಿಯುವುದೆಂತು? ತಾಂಡಾದ ಹೆಂಗಸು ಮೊದಲು ಚೂರಿನ ಮೇಲೆ ಅಡ್ಡಲಾಗಿಯೂ ಉದ್ದಕ್ಕೂ ದಾರವೆಳೆದು ಒಂದು ಚೌಕಟ್ಟನ್ನು ಕಟ್ಟುತ್ತಾಳೆ. ಆಮೇಲೆ ಆ ಚೌಕಟ್ಟಿನ ದಾರಗಳನ್ನೇ ಹಿಡಿದು ಸುತ್ತಲೂ ಗುಂಡಿಮನೆಯ ಹೊಲಿಗೆ ಹಾಕುತ್ತ ಬರುತ್ತಾಳೆ. ದಾರಗಳು ಬಿಗಿದುಕೊಂಡು ಹೊರಕ್ಕೆ ಸರಿದು ದುಂಡನೆಯ ಅಂಚಾಗುತ್ತವೆ. ಅಂಟಿಲ್ಲ, ಮೊಳೆಯಿಲ್ಲ, ಬರಿಯ ದಾರದ ಸೆರೆಯಲ್ಲಿ ಕನ್ನಡಿ ಭದ್ರವಾಗಿ ಕುಳಿತುಕೊಳ್ಳುತ್ತದೆ. ಒಂದು ಕಾಂಚಳಿಯಲ್ಲಿ ಇಂಥ ಹತ್ತಾರು ಕನ್ನಡಿಗಳು. ಲೆಕ್ಕ ಬರೆದಿಟ್ಟವರಿಲ್ಲ, ತಾಯಿಯ ಮಗ್ಗುಲಲ್ಲಿ ಕುಳಿತು ಮಗಳು ಕಲಿತ ವಿದ್ಯೆಯಿದು.

ಇಂದು ತಾಂಡಾಗಳ ಕಿರಿಯ ಹೆಂಗಸರಲ್ಲಿ ಸೀರೆ, ಚೂಡಿದಾರಗಳೇ ಹೆಚ್ಚು. ಹೊಲದ ಕೆಲಸ, ಬಸ್ಸಿನ ಓಡಾಟ, ಶಾಲೆ ಕಾಲೇಜುಗಳ ನಡುವೆ ಸೇರುಗಟ್ಟಲೆ ತೂಗುವ ಉಡುಪನ್ನು ನಿತ್ಯವೂ ತೊಡೆಂದು ಯಾರೂ ಹೇಳಲಾರರು. ಗಾಜಿನ ಚೂರಿನ ಸ್ಥಾನಕ್ಕೆ ಹಗುರಾದ ಪ್ಲಾಸ್ಟಿಕ್ಕಿನ ಬಿಲ್ಲೆಯೂ ಬಂದಿದೆ; ಅದು ಒಡೆಯದು, ಆದರೆ ನಾಲ್ಕು ಒಗೆತಕ್ಕೆ ಮಂಕಾಗುವುದು. ಹಳೆಯ ಹೊಲಿಗೆಗೆ ಹೊಸ ಜೀವನೋಪಾಯವನ್ನು ಕಲ್ಪಿಸಬಹುದೆಂಬುದಕ್ಕೆ ಸಂಡೂರು ದಾರಿ ತೋರಿದೆ. ಅಲ್ಲಿಯ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ೨೦೨೩ರ ಜುಲೈಯಲ್ಲಿ ಹಂಪಿಯಲ್ಲಿ ಜಿ-೨೦ ರಾಷ್ಟ್ರಗಳ ಸಾಂಸ್ಕೃತಿಕ ಸಭೆ ನೆರೆದಾಗ ನಾನೂರ ಐವತ್ತಕ್ಕೂ ಮಿಕ್ಕ ಲಂಬಾಣಿ ಮಹಿಳೆಯರು ೧೭೫೫ ಕಸೂತಿ ವಸ್ತುಗಳನ್ನು ಪ್ರದರ್ಶನಕ್ಕಿಟ್ಟು ಗಿನ್ನೆಸ್ ದಾಖಲೆಯನ್ನು ಸ್ಥಾಪಿಸಿದರು. ಮಾನ್ಯತೆ ಬಂದಿತು, ಸರಿ. ದಿನವಿಡೀ ಬಗ್ಗಿ ಕುಳಿತ ಕೈಗೆ ತಕ್ಕ ಬೆಲೆ ಬರುವುದೇ ಮುಂದಿನ ಪ್ರಶ್ನೆ.

ಸೂಜಿಗಣ್ಣೂ ಕನ್ನಡಕವೂ

ಈ ಕಸಬಿಗೆ ಇನ್ನೊಂದು ಶತ್ರುವಿದೆ, ಅದು ವಯಸ್ಸು. ನಲವತ್ತು ದಾಟುತ್ತಿದ್ದಂತೆ ಕಣ್ಣಿನೊಳಗಿನ ಮಸೂರವು ಬಿರುಸಾಗುತ್ತದೆ. ದೂರದ ಹೊಲ ಚೆನ್ನಾಗಿ ಕಾಣುತ್ತದೆ; ಕೈಯಲ್ಲಿರುವ ಸೂಜಿಯ ಕಣ್ಣು ಕಾಣದು. ನಾಲ್ಕು ದಶಕಗಳ ಕುಶಲತೆ ಬೆರಳಿನಲ್ಲಿದ್ದರೂ ದಾರ ಪೋಣಿಸಲು ಮೊಮ್ಮಗಳನ್ನು ಕರೆಯಬೇಕಾಗುತ್ತದೆ. ಇದು ರೋಗವಲ್ಲ, ತಲೆ ನರೆತಂತೆ ಸಹಜವಾದ ವಿಕಾರ. ಪರಿಹಾರವೂ ಸುಲಭ: ನಡುವೆ ಉಬ್ಬಿದ ಒಂದು ಜೊತೆ ಮಸೂರ. ಇಟಲಿಯಲ್ಲಿ ಹದಿಮೂರನೆಯ ಶತಮಾನದ ಕೊನೆಗೆ ಮೊತ್ತಮೊದಲ ಕನ್ನಡಕ ಹುಟ್ಟಿದ್ದು ಈ ತೊಂದರೆಗಾಗಿಯೇ.

ಏಳು ಶತಮಾನಗಳ ಮೇಲೂ ಆ ಸರಳ ಸಾಧನ ಎಲ್ಲರ ಮೂಗನ್ನೂ ಮುಟ್ಟಿಲ್ಲ. ಸಮೀಪದೃಷ್ಟಿಯ ಈ ಕೊರತೆಗೆ ಕನ್ನಡಕ ದೊರೆಯದವರು ಜಗತ್ತಿನಲ್ಲಿ ಸುಮಾರು ೮೨ ಕೋಟಿಗೂ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ಅಂದಾಜು ಮಾಡಿತು. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ಮೀರಿದ ಕೂಲಿಗಾರರಿಗೆ ಕನ್ನಡಕ ಕೊಟ್ಟು ನೋಡಿದ ಪ್ರಯೋಗವೊಂದರ ಫಲಿತಾಂಶ ೨೦೧೮ರಲ್ಲಿ ಪ್ರಕಟವಾಯಿತು. ಕನ್ನಡಕ ದೊರೆತವರ ಎಲೆ ಬಿಡಿಸುವ ಕೆಲಸವು ದೊರೆಯದವರಿಗಿಂತ ಶೇಕಡಾ ೨೧ಕ್ಕೂ ಮಿಗಿಲಾಗಿ ಹೆಚ್ಚಿತ್ತು. ಬಾಂಗ್ಲಾದೇಶದಲ್ಲಿ ದರ್ಜಿಗಳು, ಕುಶಲಕರ್ಮಿಗಳು ಮೊದಲಾದವರ ನಡುವೆ ನಡೆದು ೨೦೨೪ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಎಂಟೇ ತಿಂಗಳಲ್ಲಿ ಸಂಪಾದನೆಯೇ ಮೂರನೆಯ ಒಂದು ಪಾಲಿನಷ್ಟು ಏರಿತು. ಔಷಧಿಯಿಲ್ಲ, ಶಸ್ತ್ರಕ್ರಿಯೆಯಿಲ್ಲ, ಮೂಗಿನ ಮೇಲೆ ಕೂರುವ ಎರಡು ಬಿಲ್ಲೆಗಳಿಂದ ಇಷ್ಟು ಫಲ.

ಇಂದಿನ ಕನ್ನಡಕಗಳಲ್ಲಿ ಬಹುತೇಕ ಪ್ಲಾಸ್ಟಿಕ್ಕಿನ ಮಸೂರಗಳೇ ಇರುವುದು ನಿಜ. ಆದರೆ ಬೆಳಕನ್ನು ಬಾಗಿಸುವ ವಿದ್ಯೆಯನ್ನು ಮನುಷ್ಯನಿಗೆ ಕಲಿಸಿದುದು ಗಾಜು. ಕನ್ನಡಿ, ಕನ್ನಡಕ ಈ ಎರಡು ಮಾತುಗಳಲ್ಲಿಯೂ ಕಣ್ಣು ಅಡಗಿದೆ. ಕನ್ನಡಿ ಹೊಲಿಯುವವಳಿಗೆ ಒಂದು ಕನ್ನಡಕ ದೊರೆತರೆ ಹತ್ತಿಪ್ಪತ್ತು ವರ್ಷಗಳ ಕುಶಲತೆ ಉಳಿಯುತ್ತದೆ. ತಾಂಡಾದ ಸೂಜಿ ನಿಲ್ಲುವುದು ಆಸಕ್ತಿ ಬತ್ತಿದ್ದರಿಂದ ಮಾತ್ರವಲ್ಲ. ಎಷ್ಟೋ ವೇಳೆ ಕಣ್ಣು ಮಬ್ಬಾದುದರಿಂದ.

ಬಿಲ್ಲೆಯಿಂದ ತಂತಿಯವರೆಗೆ

ನೂರೈವತ್ತು ಇನ್ನೂರು ವರ್ಷಗಳಲ್ಲಿ ಗಾಜು ಪಡೆದ ರೂಪಾಂತರಗಳು ಅಚ್ಚರಿ ಹುಟ್ಟಿಸುವಂಥವು. ಹಿಂದೆ ಕನ್ನಡಿಯ ಬೆನ್ನಿಗೆ ತವರ ಪಾದರಸಗಳ ಲೇಪ ಹಾಕುತ್ತ ಕೆಲಸಗಾರರು ವಿಷಕ್ಕೆ ತುತ್ತಾಗುತ್ತಿದ್ದರು. ೧೮೩೫ರಲ್ಲಿ ಜರ್ಮನಿಯ ಲೀಬಿಗ್ ಎಂಬ ರಸಾಯನಜ್ಞನು ಬೆಳ್ಳಿಯ ಲವಣದಿಂದ ಗಾಜಿನ ಮೇಲೆ ಬೆಳ್ಳಿಯನ್ನು ಕೂರಿಸುವ ಕ್ರಮವನ್ನು ಕಂಡುಹಿಡಿದುದರಿಂದ ಆ ಪೀಡೆ ತೊಲಗುವ ದಾರಿ ತೆರೆಯಿತು. ೧೯೫೯ರಲ್ಲಿ ಇಂಗ್ಲೆಂಡಿನ ಪಿಲ್ಕಿಂಗ್ಟನ್ ಸಂಸ್ಥೆಯು, ಕರಗಿದ ತವರದ ಕೊಳದ ಮೇಲೆ ಗಾಜನ್ನು ತೇಲಿಸಿ ಹಾಳೆ ಮಾಡುವ ವಿಧಾನವನ್ನು ಪ್ರಕಟಿಸಿತು. ದ್ರವದ ಮೇಲ್ಮೈ ಹೇಗೆ ಸಮತಟ್ಟೋ ಅದರ ಮೇಲೆ ತೇಲುವ ಗಾಜೂ ಹಾಗೆಯೇ ಸಮತಟ್ಟು. ಉಜ್ಜುವ ಕಷ್ಟವೇ ಇಲ್ಲ. ಇಂದು ಕಿಟಕಿಗಳಿಗೆ ಬರುವ ಗಾಜು ಬಹುಪಾಲು ಹೀಗೆ ತೇಲಿ ಬಂದದ್ದು.

ಕೂದಲೆಳೆಯಷ್ಟು ಸಣ್ಣ ಗಾಜಿನ ತಂತಿಯೊಳಗೆ ಬೆಳಕನ್ನು ಸೆರೆಹಿಡಿದು ಸಾಗಿಸುವ ವಿದ್ಯೆಯಲ್ಲಿ ಪಂಜಾಬಿನಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯವರು ೧೯೫೦ರ ದಶಕದಲ್ಲಿ ಮಹತ್ವದ ಕೆಲಸ ಮಾಡಿದರು. ಶುದ್ಧ ಗಾಜಿನ ತಂತಿಯಿಂದ ದೂರದೂರಕ್ಕೆ ಸಂದೇಶ ಕಳುಹಿಸಬಹುದೆಂದು ೧೯೬೬ರಲ್ಲಿ ತೋರಿಸಿದ ಚಾರ್ಲ್ಸ್ ಕಾವೊ ಅವರಿಗೆ ೨೦೦೯ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಕಲಬುರಗಿಯ ಮನೆಯೊಂದರಿಂದ ಅಮೆರಿಕೆಯಲ್ಲಿರುವ ಮಗನೊಡನೆ ತಾಯಿ ಮುಖ ನೋಡಿ ಮಾತಾಡುವಾಗ, ಅವಳ ಮಾತು ಸಮುದ್ರದ ತಳದಲ್ಲಿ ಗಾಜಿನ ತಂತಿಯೊಳಗೇ ಓಡುತ್ತಿರುತ್ತದೆ. ಮಕ್ಕಳಿಗೆ ಬೆಳಕಿನ ಇಂಥ ಚಮತ್ಕಾರಗಳಲ್ಲಿ ರುಚಿ ಹುಟ್ಟಿಸಬೇಕೆನ್ನುವ ತಂದೆತಾಯಿಗಳಿಗೆ ೧೯೮೪ರಿಂದ ನಗರದಲ್ಲಿರುವ ಜಿಲ್ಲಾ ವಿಜ್ಞಾನ ಕೇಂದ್ರವು ಒಳ್ಳೆಯ ತಾಣ.

ಮನೆವಾರ್ತೆಯ ಕೆಲವು ಮಾತು

ಗಾಜಿನ ಸ್ವಭಾವವನ್ನರಿತವರಿಗೆ ಅದರಿಂದ ನಷ್ಟ ಕಡಿಮೆ. ದಪ್ಪ ಲೋಟಕ್ಕೆ ಕುದಿಯುವ ಚಹಾ ಸುರಿದರೆ ಒಳಮೈ ಒಮ್ಮೆಗೇ ಹಿಗ್ಗುತ್ತದೆ, ಹೊರಮೈ ಹಿಗ್ಗುವುದಿಲ್ಲ; ಆದ್ದರಿಂದ ಬಿರಿಯುತ್ತದೆ. ತೆಳ್ಳಗಿನ ಲೋಟವೇ ಇದನ್ನು ಹೆಚ್ಚು ತಾಳಿಕೊಳ್ಳುತ್ತದೆ. ಮೊದಲು ಬೆಚ್ಚನೆಯ ನೀರಿನಿಂದ ತೊಳೆದುಕೊಳ್ಳುವುದೂ, ಲೋಹದ ಚಮಚೆಯನ್ನು ಇಟ್ಟು ಸುರಿಯುವುದೂ ಒಳ್ಳೆಯದು. ಒಲೆಯ ಶಾಖಕ್ಕೆ ನಿಲ್ಲುವ ಗಾಜಿನಲ್ಲಿ ಬೋರಾನು ಬೆರೆತಿರುತ್ತದೆ; ಅದು ಹಿಗ್ಗುವುದು ಸಾಮಾನ್ಯ ಗಾಜಿನ ಮೂರರಲ್ಲೊಂದು ಪಾಲಿನಷ್ಟು ಮಾತ್ರ.

ಸೂರ್ಯನ ಬೆಳಕು ಗಾಜಿನೊಳಗಿಂದ ನಿರಾತಂಕವಾಗಿ ಒಳಹೊಗುತ್ತದೆ. ಒಳಗಿನ ನೆಲ, ಗೋಡೆಗಳು ಕಾದು ಹೊರಸೂಸುವ ಶಾಖದ ಕಿರಣಗಳನ್ನು ಅದೇ ಗಾಜು ಹೊರಕ್ಕೆ ಬಿಡುವುದಿಲ್ಲ. ಬಿಸಿಲಿನಲ್ಲಿ ನಿಂತ ಮೋಟಾರು ಗಾಡಿ ಕುಲುಮೆಯಾಗುವುದು ಇದರಿಂದಲೇ. ಅದರೊಳಗೆ ಮಗುವನ್ನು ಕ್ಷಣಕಾಲವೂ ಬಿಡಲಾಗದು. ಕಲಬುರಗಿಯಂಥ ಊರಿನಲ್ಲಿ ಗೋಡೆಗೋಡೆಯನ್ನೇ ಗಾಜಿನಿಂದ ಮುಚ್ಚುವ ಹೊಸ ಕಟ್ಟಡಗಳು ತಂಪು ಯಂತ್ರಕ್ಕೆ ಎಷ್ಟು ವಿದ್ಯುತ್ತನ್ನು ತೆರಬೇಕಾಗುವುದೆಂಬುದನ್ನು ಊಹಿಸಬಹುದು. ಕಿಟಕಿಯ ಒಳಗೆ ಪರದೆ ಇಳಿಬಿಡುವುದಕ್ಕಿಂತ ಹೊರಗೆ ನೆರಳು ಮಾಡುವುದು ಹೆಚ್ಚು ಫಲಕಾರಿ. ಬಿಸಿಲು ಗಾಜನ್ನು ದಾಟಿದ ಮೇಲೆ ತಡೆದು ಏನು ಫಲ? ಕೋಟೆಯ ಮಸೀದಿಯ ಕಮಾನುಗಳನ್ನು ಕಟ್ಟಿದವರು ಈ ಪಾಠವನ್ನು ಬಲ್ಲವರಾಗಿದ್ದರು.

ಕೊನೆಯದಾಗಿ ಒಡೆದ ಗಾಜಿನ ಮಾತು. ಗಾಜನ್ನು ಎಷ್ಟು ಸಲ ಕರಗಿಸಿದರೂ ಅದರ ಗುಣ ಕೆಡದು. ಪಾಕಕ್ಕೆ ಹಳೆಯ ಚೂರುಗಳನ್ನು ಬೆರೆಸಿದರೆ ಕುಲುಮೆಯ ಇಂ‌ಧನವೂ ಉಳಿಯುತ್ತದೆ; ನೂರಕ್ಕೆ ಹತ್ತು ಪಾಲು ಚೂರು ಹಾಕಿದಾಗ ಸುಮಾರು ಎರಡೂವರೆಯಿಂದ ಮೂರು ಪಾಲಿನಷ್ಟು ಶಕ್ತಿಯ ಉಳಿತಾಯ. ಆದರೆ ಸೀಸೆಯ ಚೂರಿನೊಡನೆ ಕನ್ನಡಿ, ವಿದ್ಯುದ್ದೀಪ, ಒಲೆಗೆ ನಿಲ್ಲುವ ಪಾತ್ರೆಗಳ ಚೂರನ್ನು ಬೆರೆಸಬಾರದು. ಅವುಗಳ ಪಾಕವೇ ಬೇರೆ. ಒಡೆದ ಲೋಟವನ್ನು ತರಕಾರಿ ಸಿಪ್ಪೆಯೊಡನೆ ಚೀಲಕ್ಕೆ ತುರುಕಿ ಬೀದಿಗಿಟ್ಟರೆ ಅದು ಮೊದಲು ಸಿಗುವುದು ಕುಲುಮೆಗಲ್ಲ, ಬೆಳಗಿನ ಜಾವ ಬರಿಗೈಯಲ್ಲಿ ಕಸ ಬೇರ್ಪಡಿಸುವ ಪೌರಕಾರ್ಮಿಕರ ಅಂಗೈಗೆ. ದಪ್ಪ ಕಾಗದದಲ್ಲಿ ಸುತ್ತಿ, ‘ಗಾಜು’ ಎಂದು ಬರೆದು, ಬೇರೆಯಾಗಿ ಕೈಗೆ ಕೊಡಲು ಒಂದು ನಿಮಿಷ ಸಾಕು.

೨೦೨೨ನೆಯ ವರ್ಷವನ್ನು ವಿಶ್ವಸಂಸ್ಥೆಯು ಗಾಜಿನ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿತು. ಮರಳನ್ನು ಬೇಯಿಸಿ ಬೆಳಕನ್ನು ಪಳಗಿಸಿದ ವಸ್ತುವಿಗೆ ಸಂದ ಮರ್ಯಾದೆಯದು. ಆದರೆ ಗಾಜಿನ ನಿಜವಾದ ಮರ್ಯಾದೆ ಅದನ್ನು ಊದಿದ, ಬೆಸೆದ, ಹೊಲಿದ, ಗುಡಿಸಿ ಎತ್ತಿದ ಕೈಗಳ ಮರ್ಯಾದೆಯಲ್ಲಿದೆ. ಆ ಕೈಗಳನ್ನು ಕಾಣುವಂತಾದರೆ, ಗಾಜು ತೋರಿಸಬೇಕಾದುದನ್ನು ತೋರಿಸಿದಂತಾಯಿತು.